ಪರದೆಯ ಮೇಲಿನ ನಂದಾದೀಪ

ಕೊಲ್ಲೂರಿನ ತಾಯಿಯನ್ನು ನಂಬಿ ಬದುಕುತ್ತಿರುವ ಎಲ್ಲರಿಗೂ ಚೆನ್ನೈನ ತಿರುವೊಟ್ಟಿಯೂರಿನಿಂದ ಸುಮನಾ ಬರೆಯುವುದು. ಕಳೆದ ಆಷಾಢದಲ್ಲಿ ನನ್ನ ಯಜಮಾನರ ಪ್ರಾಣ ನನ್ನ ಕೈಯಾರೆ ಹೋಗುವುದರಲ್ಲಿತ್ತು. ತಾಯಿ ತಡೆದಳು. ಹೇಗೆ ತಡೆದಳು ಎಂಬುದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ.

ನನ್ನ ಯಜಮಾನರು ಪ್ಯಾರೀಸ್ ಕಾರ್ನರ್ ಬಳಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಸೂಪರ್‌ವೈಸರ್. ಬೇಸಿಗೆಯಲ್ಲಿ ಬಂದ ನ್ಯುಮೋನಿಯಾ ಅವರ ಶ್ವಾಸಕೋಶವನ್ನು ಹಾಳುಮಾಡಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವರ ಜೊತೆಗೆ ಆಕ್ಸಿಜನ್ ಯಂತ್ರವೂ ಬಂತು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ರಕ್ತದಲ್ಲಿ ಆಮ್ಲಜನಕ ತೊಂಬತ್ತಕ್ಕಿಂತ ಕೆಳಗೆ ಇಳಿಯಬಾರದು. ಯಂತ್ರ ಓಡುವ ಕೋಣೆಯಲ್ಲಿ ಬೆಂಕಿ ಇರಬಾರದು, ದೇವರ ದೀಪವೂ ಸೇರಿ.

ಮೊದಲನೆಯದಕ್ಕೆ ನಾನೇ ದಾರಿ ಹುಡುಕಿದೆ. ನಾನು ಓದಿದ್ದು ಬಿಸಿಎ, ಕೆಲಸ ಪೆರುಂಗುಡಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಅವರ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ತಂತಿಯಿಂದ ಮನೆಯ ಹಳೆಯ ಕಂಪ್ಯೂಟರಿಗೆ ಜೋಡಿಸಿ, ಸಣ್ಣ ಪ್ರೋಗ್ರಾಮ್ ಒಂದನ್ನು ಬರೆದೆ. ಆಮ್ಲಜನಕದ ಸಂಖ್ಯೆ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ತೊಂಬತ್ತಕ್ಕಿಂತ ಇಳಿದರೆ ಗಂಟೆ ಬಾರಿಸುತ್ತಿತ್ತು. ಹಗಲು ನಾನು ಆಫೀಸಿಗೆ ಹೋದಾಗ ಅತ್ತೆ ಅದನ್ನು ನೋಡಿಕೊಳ್ಳುತ್ತಿದ್ದರು.

ಎರಡನೆಯ ಮಾತು ಅತ್ತೆಗೆ ತಡೆದುಕೊಳ್ಳಲಾಗಲಿಲ್ಲ. ಮಗ ಎದ್ದು ಓಡಾಡುವಂತಾಗಲಿ ಎಂದು ಅವರು ತಾಯಿಗೆ ನಲವತ್ತೆಂಟು ದಿನದ ನಂದಾದೀಪ ಹೇಳಿಕೊಂಡಿದ್ದರು. ನಮ್ಮದು ಒಂದು ಹಾಲ್, ಒಂದು ಅಡಿಗೆಮನೆಯ ಮನೆ. ಮಂಚವೂ ದೇವರ ಗೂಡೂ ಹಾಲಿನಲ್ಲೇ. ಯಂತ್ರ ಬಂದ ದಿನ ಅವರೇ ದೀಪ ಶಾಂತ ಮಾಡಿ ಗೋಡೆಗೆ ಒರಗಿ ಕೂತರು. ಊಟಕ್ಕೆ ಏಳಲಿಲ್ಲ. “ದೀಪ ಇಲ್ಲದ ಹರಕೆ ಎಂತ ಹರಕೆ ಮಗಾ?” ಎಂದರು.

ಅವರ ಮುಖ ನೋಡಲಾಗದೆ, ದೀಪವನ್ನು ಕಂಪ್ಯೂಟರಿನಲ್ಲೇ ಹಚ್ಚಿಕೊಡುತ್ತೇನೆ ಎಂದೆ. ಗೋಡೆಯ ಮೇಲಿದ್ದ ತಾಯಿಯ ಪಟವನ್ನು ಬಟ್ಟೆಯಲ್ಲಿ ಸುತ್ತಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಎಷ್ಟು ಕ್ಲಾರಿಟಿ ಬೇಕು ಎಂದು ಅಂಗಡಿಯವನು ಕೇಳಿದಾಗ, ದೇವರ ಪಟ, ಏನೂ ಕಡಿಮೆ ಮಾಡಬೇಡಿ ಎಂದೆ. ಆ ಭಾರಿ ಚಿತ್ರವನ್ನು ಸಂಖ್ಯೆಯ ಹಿಂದೆ ಇಟ್ಟು, ಅದರ ಮುಂದೆ ಸದಾ ಅಲುಗಾಡುವ ಜ್ವಾಲೆಯೊಂದನ್ನು ಬರೆದೆ. ಅತ್ತೆ ಪರದೆಯ ಅಂಚಿಗೆ ಕುಂಕುಮ ಹಚ್ಚಿ, “ಇದು ಆರುವ ಹಾಗಿಲ್ಲ ಆಯ್ತಾ” ಎಂದರು. ಆರುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಮೂರನೆಯ ದಿನದಿಂದ ಕಂಪ್ಯೂಟರಿನ ಫ್ಯಾನು ಹುಯಿಲಿಡತೊಡಗಿತು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ನೋಡಿದರೆ ತೊಂಬತ್ತೆಂಟು ಪ್ರತಿಶತ. ಮೊದಲು ಅದು ಐದೋ ಆರೋ ಇರುತ್ತಿತ್ತು. ಯಜಮಾನರು ಮಲಗಿದಲ್ಲಿಂದಲೇ, “ನಿನ್ನ ಪೇಶಂಟ್ ಯಾರು ಮಾರಾಯ್ತಿ, ನಾನಾ ಅದಾ? ನನಗಿಂತ ಅದಕ್ಕೇ ಏದುಸಿರು ಜಾಸ್ತಿ” ಎಂದು ಕಿಚಾಯಿಸಿದರು. ನಕ್ಕು ಕಂಪ್ಯೂಟರಿನ ಮುಂದೆ ಕೂತೆ.

ಇಂಥ ದೋಷ ಹುಡುಕುವುದೇ ನನ್ನ ಹೊಟ್ಟೆಪಾಡು. ಬ್ರೌಸರ್ ಮುಚ್ಚಿದೆ. ವೈರಸ್ ಪರೀಕ್ಷೆಯನ್ನು ನಿಲ್ಲಿಸಿದೆ. ತಾನಾಗಿ ಶುರುವಾಗುವ ಪ್ರೋಗ್ರಾಮುಗಳನ್ನೆಲ್ಲ ತೆಗೆದೆ. ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟೆ. ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿದ್ದೀರಾ ಎಂಬುದು ನಾವು ಆಫೀಸಿನಲ್ಲಿ ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ. ಮನೆಯಲ್ಲಿ ನಾನು ಅದೊಂದನ್ನು ಮಾಡಲಿಲ್ಲ, ದೀಪ ಆರುತ್ತದಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಒಂದು ಸಂಜೆ ಬೇರೇನನ್ನೋ ನೋಡಲು ಪರದೆಯ ಮೇಲೆ ತಾಯಿಯ ಪಟವಿದ್ದ ಕಿಟಕಿಯನ್ನು ಅರೆಗಳಿಗೆ ಕೆಳಗಿಳಿಸಿದೆ. ಪ್ರೊಸೆಸರ್ ತೊಂಬತ್ತೆಂಟು ಇದ್ದದ್ದು ಕೂಡಲೇ ಆರಕ್ಕೆ ಬಿತ್ತು. ಅಷ್ಟು ಸ್ಪಷ್ಟವಾದ ಸೂಚನೆ ನನ್ನ ಕೆಲಸದಲ್ಲಿ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ನಾನು ಗಾಬರಿಯಿಂದ ಕಿಟಕಿಯನ್ನು ಮತ್ತೆ ತೆರೆದು ಕೈಮುಗಿದೆ. ದೇವಿಯೇ ಹೊರೆ ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ. ಆಮ್ಲಜನಕದ ಸಂಖ್ಯೆ ಬದಲಾಗುತ್ತಲೇ ಇದೆಯಲ್ಲ, ತೊಂಬತ್ತಾರು, ತೊಂಬತ್ತೈದು, ಮತ್ತೆ ತೊಂಬತ್ತಾರು. ಇನ್ನೇನು ಬೇಕು ಎಂದುಕೊಂಡೆ.

ಕೆಲವೇ ದಿನದಲ್ಲಿ ಆಷಾಢದ ಶುಕ್ರವಾರ ಬಂತು, ಇಲ್ಲಿಯವರ ಆಡಿ ವೆಳ್ಳಿ. ಬೆಳಿಗ್ಗೆ ಹೊರಡುವ ಮುಂಚೆ ಪರದೆಯ ಮುಂದೆ ನಿಂತು, “ಅಮ್ಮಾ, ಎಲ್ಲಿ ತಪ್ಪಿದೆಯೋ ನೀನೇ ತೋರಿಸು” ಎಂದು ಬೇಡಿದೆ. ಕಂಪ್ಯೂಟರಿನ ವಿಷಯಕ್ಕೆ ದೇವರನ್ನು ಕರೆಯಲು ನಾಚಿಕೆಯೂ ಆಯಿತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅತ್ತೆಯ ಫೋನ್ ಬಂತು. ಅಳುತ್ತಿದ್ದರು. ನಮ್ಮ ಬೀದಿಯ ಸಣ್ಣ ಅಮ್ಮನ್ ಗುಡಿಯಲ್ಲಿ ಅಂಬಲಿ ಹಂಚುವ ದಿನ. ಅಲ್ಲಿ ಮೈಕ್ ಸೆಟ್ಟು ಹಚ್ಚಿದೊಡನೆ ಬೀದಿಯ ಕರೆಂಟೆಲ್ಲ ಹೋಗಿ ಎರಡು ನಿಮಿಷದಲ್ಲಿ ಬಂದಿತ್ತು. ಆಕ್ಸಿಜನ್ ಯಂತ್ರಕ್ಕೆ ಇನ್ವರ್ಟರ್ ಇದ್ದುದರಿಂದ ಅದು ನಿಂತಿರಲಿಲ್ಲ. ಕಂಪ್ಯೂಟರ್ ಆಫ್ ಆಗಿತ್ತು.

“ದೀಪ ಹೋಯ್ತು ಮಗಾ. ಹರಕೆ ಮುರೀತು,” ಎಂದರು.

ಗುಂಡಿ ಒತ್ತಿ, ತಾನಾಗಿ ಬರುತ್ತದೆ ಎಂದು ಸಮಾಧಾನ ಹೇಳಿದೆ. ಒತ್ತಿದರು. ಕಾದೆವು. ಆಗ ಫೋನಿನಲ್ಲಿ ಗಂಟೆಯ ಶಬ್ದ ಕೇಳಿತು. ಪ್ರೋಗ್ರಾಮಿನಲ್ಲಿ ನಾನೇ ಹಾಕಿದ್ದ ಗಂಟೆ.

“ಇದು ಎಂತಕ್ಕೆ ಬಡ್ಕೊಳ್ತದೆ?”

“ನಂಬರ್ ಓದಿ ಅತ್ತೆ.”

“ಏಳು. ಒಂಬತ್ತು.”

ಎಪ್ಪತ್ತೊಂಬತ್ತು. ಅವರ ತುಟಿ ಯಾವ ಬಣ್ಣ ಇದೆ ಎಂದು ಕೇಳಿದೆ. ಅತ್ತೆ ಮಗನ ಹೆಸರನ್ನು ಕೂಗತೊಡಗಿದರು. ಯಜಮಾನರು ಏಳುತ್ತಿರಲಿಲ್ಲ. ನಾನು ಫೋನಿನಲ್ಲಿ ಕಿರುಚಿದೆ: ಮೂಗಿನಿಂದ ಕೊಳವೆ ಹಿಡಿದುಕೊಂಡು ಹೋಗಿ, ಕೈ ಬಿಡಬೇಡಿ, ಯಂತ್ರದವರೆಗೆ ಹೋಗಿ. ಅತ್ತೆ ಹಾಗೇ ಮಾಡಿದರು. ಕೊಳವೆ ಯಂತ್ರದ ಚಕ್ರದ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು; ಯಂತ್ರ ಎಳೆದು ಅದನ್ನು ಬಿಡಿಸಿದರು. ಶುಕ್ರವಾರವೆಂದು ನೆಲ ಒರೆಸಲು ಸ್ವಲ್ಪ ಹೊತ್ತಿನ ಹಿಂದಷ್ಟೇ ಅತ್ತೆಯೇ ಯಂತ್ರವನ್ನು ಸರಿಸಿ ಮತ್ತೆ ತಳ್ಳಿಟ್ಟಿದ್ದರು.

ಮುಂದಿನದೆಲ್ಲ ಎದುರುಮನೆಯ ಸೆಲ್ವಿ ಅಕ್ಕನಿಂದ ಆಯಿತು. ಗುಡಿಯಲ್ಲಿ ಅಂಬಲಿ ಬಡಿಸುತ್ತಿದ್ದವರು ಅತ್ತೆಯ ಕೂಗು ಕೇಳಿ ಸೌಟು ಬಿಟ್ಟು ಓಡಿಬಂದು, ಆಂಬುಲೆನ್ಸ್ ಕರೆಸಿ, ತಾವೂ ಹತ್ತಿಕೊಂಡರು. ಪೆರುಂಗುಡಿಯಿಂದ ತಿರುವೊಟ್ಟಿಯೂರು ಎಂದರೆ ಊರಿನ ಈ ತುದಿಯಿಂದ ಆ ತುದಿ. ಸಿಕ್ಕ ಬಸ್ಸು ಹತ್ತಿದೆ. ಅಡ್ಯಾರಿನಲ್ಲಿ ಬಸ್ಸು ನಿಂತಲ್ಲೇ ನಿಂತಾಗ ಇಳಿದು ಆಟೋ ಹಿಡಿದೆ. ದಾರಿಯುದ್ದಕ್ಕೂ ತಾಯಿಯ ಹೆಸರು ನೆನಪಿಗೆ ಬರಲಿಲ್ಲ ಎಂದರೆ ನೀವು ನಂಬಬೇಕು. ಏಳು, ಒಂಬತ್ತು, ಇಷ್ಟೇ ನಾಲಿಗೆಯ ಮೇಲಿತ್ತು.

ನಾನು ಆಸ್ಪತ್ರೆ ಮುಟ್ಟುವಾಗ ಯಜಮಾನರಿಗೆ ಎಚ್ಚರ ಬಂದಿತ್ತು. ಇನ್ನೊಂದು ಕಾಲು ಗಂಟೆ ತಡವಾಗಿದ್ದರೆ ತಮ್ಮಿಂದ ಏನೂ ಹೇಳಲಾಗುತ್ತಿರಲಿಲ್ಲ ಎಂದರು ಡ್ಯೂಟಿ ಡಾಕ್ಟರು. ದೀಪ ಆರಿದ ಅಪಚಾರವೇ ಇದಕ್ಕೆಲ್ಲ ಕಾರಣ ಎಂದು ಅತ್ತೆ ಬೆಂಚಿನ ಮೇಲೆ ಕೂತು ಕೊರಗುತ್ತಿದ್ದರು. ಪಕ್ಕದಲ್ಲಿದ್ದ ಸೆಲ್ವಿ ಅಕ್ಕ ಅವರ ಕೈ ಹಿಡಿದು, “ಆತ್ತಾ ದಾನ್ ಅಣೈಚ್ಚಾ, ಅಮ್ಮಾ” ಎಂದರು. ಅಮ್ಮನೇ ಆರಿಸಿದಳು ಎಂದು.

ಆ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ಮರುದಿನ. ಬಟ್ಟೆ ತರಲು ಮನೆಗೆ ಬಂದವಳು ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಎರಡು ಸಮಯ ಬರೆದಿಡುವಂತೆ ಮಾಡಿದ್ದೆ: ಬೆರಳಿನಿಂದ ಬಂದ ಸಮಯ, ಪರದೆಯ ಮೇಲೆ ಕಾಣಿಸಿದ ಸಮಯ. ಎರಡರ ನಡುವೆ ಅಂದು ಮಧ್ಯಾಹ್ನ ನಲವತ್ತು ನಿಮಿಷದ ಅಂತರವಿತ್ತು. ಜ್ವಾಲೆ ಒಮ್ಮೆ ಅಲುಗಿದಾಗಲೆಲ್ಲ ಕಂಪ್ಯೂಟರ್ ಆ ಭಾರಿ ಪಟವನ್ನು ಮೊದಲಿನಿಂದ ಬಿಡಿಸುತ್ತಿತ್ತು, ಸೆಕೆಂಡಿಗೆ ಹತ್ತಾರು ಸಲ. ಬೆರಳಿನಿಂದ ಬಂದ ಸಂಖ್ಯೆಗಳು ಅದರ ಹಿಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ರಾತ್ರಿಯ ತಂಪಿಗೆ ಸಾಲು ಕರಗುತ್ತಿತ್ತು, ಮಧ್ಯಾಹ್ನದ ಕಾವಿಗೆ ಬೆಳೆಯುತ್ತಿತ್ತು. ಅತ್ತೆ ನೋಡುತ್ತಿದ್ದ ತೊಂಬತ್ತಾರು ಸುಳ್ಳಲ್ಲ. ನಲವತ್ತು ನಿಮಿಷದ ಹಿಂದೆ, ಕೊಳವೆ ಇನ್ನೂ ಸರಿಯಿದ್ದಾಗ, ನನ್ನ ಗಂಡ ಹಾಗಿದ್ದರು. ಆ ಎರಡು ನಿಮಿಷ ಕರೆಂಟ್ ಹೋಗಿ ಸಾಲೆಲ್ಲ ಅಳಿಸಿ, ಆ ಹೊತ್ತಿನ ಸಂಖ್ಯೆ ಮುಂದೆ ಬಾರದಿದ್ದರೆ, ಅವರು ಹೋದ ಮೇಲೂ ಪರದೆ ಅವರನ್ನು ಚೆನ್ನಾಗಿದ್ದಾರೆ ಎಂದೇ ತೋರಿಸುತ್ತಿತ್ತು.

ಕಾಕತಾಳೀಯ ಎನ್ನುವವರು ಎನ್ನಲಿ. ಎಲ್ಲಿ ತಪ್ಪಿದೆ ತೋರಿಸು ಎಂದು ಬೆಳಿಗ್ಗೆ ಕೇಳಿದವಳು ನಾನು. ತನ್ನ ದೀಪವನ್ನೇ ಆರಿಸಿ ಆಕೆ ತೋರಿಸಿದಳು. ಇದಕ್ಕಿಂತ ನೇರವಾದ ಉತ್ತರ ನನಗೆ ಬೇಕಿಲ್ಲ.

ಯಜಮಾನರನ್ನು ಮನೆಗೆ ಕರೆತಂದ ದಿನ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಪಟವನ್ನೂ ಜ್ವಾಲೆಯನ್ನೂ ತೆಗೆಯಬೇಕು, ತಪ್ಪು ನನ್ನದು ಎಂದೆ. ಕೊಳವೆಯ ಮೇಲೆ ಯಂತ್ರ ತಳ್ಳಿದ್ದು ತಾನಲ್ಲವೇ ಎಂದರು ಅವರು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವರು ಸೆರಗಿನಿಂದ ಪರದೆಯ ಅಂಚಿನ ಕುಂಕುಮವನ್ನು ತಾವೇ ಒರೆಸಿದರು.

“ದೀಪ ಇಡುದು ಎಂತಕ್ಕೆ ಮಗಾ, ಕಾಣ್ಲಿಕ್ಕೆ ಅಲ್ವಾ. ಮಗನನ್ನೇ ಮರೆ ಮಾಡುವ ದೀಪ ಅವಳಿಗೂ ಬೇಡ. ತೆಗೆ.”

ತೆಗೆದೆ. ಈಗ ಬಿಳಿಯ ಮೇಲೆ ಕಪ್ಪಾಗಿ ಒಂದು ಸಂಖ್ಯೆ, ಅದರ ಕೆಳಗೆ ಅದು ಬಂದ ಸಮಯ, ಇಷ್ಟೇ ಇದೆ. ಪ್ರೊಸೆಸರ್ ನಾಲ್ಕು ಪ್ರತಿಶತ ದಾಟುವುದಿಲ್ಲ. ಹರಕೆಯ ಉಳಿದ ದಿನಗಳನ್ನು ಅತ್ತೆ ಸೆಲ್ವಿ ಅಕ್ಕನ ಜೊತೆ ಬೀದಿಯ ಗುಡಿಯಲ್ಲಿ ದೀಪಕ್ಕೆ ಎಣ್ಣೆ ಹಾಕಿ ತೀರಿಸಿದರು. ಯಜಮಾನರು ಈಗ ದಿನಕ್ಕೆ ಎರಡು ಗಂಟೆ ಕೊಳವೆಯಿಲ್ಲದೆ ಕೂರುತ್ತಾರೆ.

ನನ್ನ ಹೆದರಿಕೆ ಇನ್ನೂ ಹೋಗಿಲ್ಲ. ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿದಾಗ ಅತ್ತೆ ಸಂಖ್ಯೆ ಓದಲು ಹೊರಡುತ್ತಾರೆ. ಅದು ಬೇಡ, ಫೋನನ್ನು ಅವರ ಕೈಗೆ ಕೊಡಿ ಎನ್ನುತ್ತೇನೆ. “ಇದ್ದೇನೆ ಮಾರಾಯ್ತಿ, ಕೆಲಸ ನೋಡು,” ಎಂದು ಯಜಮಾನರು ಗೊಣಗುತ್ತಾರೆ. ಫೋನನ್ನು ಎದೆಗೊತ್ತಿ ತಾಯಿಗೆ ನಮಸ್ಕರಿಸುತ್ತೇನೆ.