ಗಂಟೆ ಅಕ್ಕನ ಅರ್ಧ ಎಕರೆ

ಬೀಜದ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದು ಅವಳ ಕೆಲಸ. ಯುವ ರೈತ ಸಂಘಕ್ಕೆ ಎರಡು ವರ್ಷದಿಂದ ಅವಳೇ ಅಧ್ಯಕ್ಷೆ. ಸಭೆಯಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಟಣ್ಣೆಂದು ಗಂಟೆ ಹೊಡೆಯುತ್ತಿದ್ದಳು. ಹಾಗಾಗಿ ಎಲ್ಲರಿಗೂ ಗಂಟೆ ಅಕ್ಕ. ಅವಳು ಬರುವ ಮುಂಚಿನ ಸಭೆಗಳೋ, ದೇವರೇ, ಸಂತೆಯೇ ವಾಸಿ! ಯಾರ ಗಂಟಲು ದೊಡ್ಡದೋ ಅವರ ಮಾತೇ ನಡೆಯುತ್ತಿತ್ತು. ಈಗ ಹಾಗಲ್ಲ. ಒಬ್ಬರು ಎದ್ದು ನಿಂತು ಗೊತ್ತುವಳಿ ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಕೈ ಎತ್ತಬೇಕು. ಒಂಬತ್ತು ಜನ ಇಲ್ಲದಿದ್ದರೆ ಸಭೆಯೇ ಇಲ್ಲ.

ಈ ಸಲ ಅವಳದೇ ಅರ್ಜಿ ಇತ್ತು. ಹನ್ನೊಂದು ವರ್ಷ ಬೇರೆಯವರು ಬೆಳೆದ ಬೀಜ ಕಟ್ಟಿ ಕಟ್ಟಿ ಅವಳಿಗೆ ಸಾಕಾಗಿಹೋಗಿತ್ತು. ಸಂಘದ ಅರ್ಧ ಎಕರೆಯಲ್ಲಿ ಒಂದು ಹಂಗಾಮು ತಾನೇ ಈರುಳ್ಳಿ ಬೀಜ ಬೆಳೆಯಬೇಕೆಂಬ ಆಸೆ. ಬೀಜ ಬೇಕೆಂದರೆ ಈರುಳ್ಳಿ ಗಡ್ಡೆಯನ್ನೇ ನೆಡಬೇಕು, ಅದಕ್ಕೆ ಉಳಿದಿದ್ದು ಹತ್ತೇ ದಿನ.

ಅಂದು ಸರಿಯಾಗಿ ಒಂಬತ್ತು ಜನ ಸೇರಿದ್ದರು. ತನ್ನ ಅರ್ಜಿಯ ಸರದಿ ಬಂದಾಗ ಅವಳು ಟ್ರ್ಯಾಕ್ಟರ್ ಮೆಕ್ಯಾನಿಕ್ಕನಿಗೆ, ಅವನೇ ಉಪಾಧ್ಯಕ್ಷ, ಕುರ್ಚಿ ಬಿಟ್ಟುಕೊಟ್ಟಳು. ನಿಯಮ ಹೇಳುವುದು ಅಷ್ಟೇ. ಆದರೆ ಎದುರಿಗೆ ಕೂತಿದ್ದರೆ ಬೇಡ ಎನ್ನುವವರಿಗೆ ಮುಜುಗರವಾದೀತೆಂದು ಹೊರಗೇ ಹೋಗಿಬಿಟ್ಟಳು. ಬೇಕಿತ್ತೇ ಈ ಅತಿ ಒಳ್ಳೆಯತನ? ಗೊಬ್ಬರದ ಚೀಲಗಳ ಪಕ್ಕ ನಿಂತು ಒಳಗಿನ ಮಾತಿಗೆ ಕಿವಿಗೊಟ್ಟಳು.

ಎರಡೇ ನಿಮಿಷಕ್ಕೆ ಕುರ್ಚಿ ಎಳೆದ ಸದ್ದಾಯಿತು. ಮೆಕ್ಯಾನಿಕ್ ತಲೆ ಕೆರೆಯುತ್ತ ಹೊರಬಂದ.

"ಅಕ್ಕ, ನೀವು ಈಚೆ ಬಂದ್ರಿ, ನಾವು ಎಂಟೇ ಜನ ಉಳಿದ್ವಿ. ಎರಡು ಸಲ ಎಣಿಸ್ದೆ. ಕೋರಂ ಇಲ್ಲ ಅಂತ ಸಭೆ ಮುಗಿಸ್ಬಿಟ್ಟೆ. ನೀವೇ ಹೇಳ್ಕೊಟ್ಟಿದ್ದು."

ಅವಳಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಅವನು ಮಾಡಿದ್ದು ಸರಿಯೆಂದು ಗೊತ್ತಿದ್ದುದರಿಂದ ಇನ್ನೂ ಹೆಚ್ಚು ಬಂತು. ಉಳಿದವರ ಜೊತೆ ಹೊರಬಂದ ಕೋಳಿ ಸಾಕುವ ಹೆಂಗಸು ಅವಳ ಕೈ ಹಿಡಿದು, ಒಳಗೆ ಬಾ, ಮತ್ತೆ ಕೂರೋಣ, ಯಾರಿಗೆ ಗೊತ್ತಾಗುತ್ತೆ ಎಂದಳು. ಗಂಟೆ ಅಕ್ಕ ಒಂದು ಹೆಜ್ಜೆ ಇಟ್ಟೂ ಇಟ್ಟಳು. ಅಲ್ಲೇ ನಿಂತಳು.

"ಮುಗಿದ ಸಭೆ ಮುಗೀತು," ಎಂದಳು. "ಇವತ್ತು ಬರದೇ ಇರೋರೂ ಇದಾರೆ. ಮತ್ತೆ ಸೇರ್ಬೇಕಂದ್ರೆ ಹದಿನೈದು ದಿನ ಮುಂಚೆ ಅವ್ರಿಗೂ ನೋಟಿಸ್ ಹೋಗ್ಬೇಕು."

ಹದಿನೈದು ದಿನಕ್ಕೆ ನೆಡುವ ಕಾಲ ದಾಟಿರುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಮೆಕ್ಯಾನಿಕ್ ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ.

"ಎಂಟೂ ಜನ ಕೈ ಎತ್ತೋಕೆ ತಯಾರಾಗೇ ಕೂತಿದ್ವಿ ಅಕ್ಕ."

ಅಲ್ಲಿಯವರೆಗೂ ತಡೆದುಕೊಂಡಿದ್ದವಳು ಮೆಟ್ಟಿಲ ಮೇಲೆ ಕುಸಿದು ಕೂತು, ಎಲ್ಲರೆದುರೇ ಗಳಗಳನೆ ಅತ್ತುಬಿಟ್ಟಳು.