ಎಳೆಯದೆ ಬಿಟ್ಟ ಸುಕ್ಕು

ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಒಳಗೆ ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಂಡ ಅಕ್ಕ ಮೇಜಿನ ಮುಂದೆ ನಿಂತಿದ್ದಾರೆ. ಮೇಜಿನ ಮೇಲೆ ಊಟದ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆ. ಪಕ್ಕದಲ್ಲಿ ಅದಕ್ಕೆ ತೊಡಿಸಬೇಕಾದ ಬೆಳ್ಳಿ ಬಣ್ಣದ ಹೊದಿಕೆ. ಅದನ್ನು ಹೊಲಿದದ್ದು ಅವರಲ್ಲ, ಅವರ ತಂಗಿ.

"ನೋಡಿ ಇದರ ಚಂದ. ಎಮ್ಮೆ ಮಲಗೆದ್ದ ಹಾಸಿಗೆ ಥರ ಇದೆ," ಅನ್ನುತ್ತಾರೆ ಅಕ್ಕ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನಮಗೆ. ನಗುವುದಿಲ್ಲ.

ಈ ಕಾರ್ಯಾಗಾರದಲ್ಲಿ ಎಲ್ಲರಿಗೂ ಅವರು ಅಕ್ಕನೇ. ಪೆಟ್ಟಿಗೆ ಚಂದ್ರನ ಮೇಲಿಳಿದು ನೆಲದ ಕಂಪನ ಅಳೆಯಲಿದೆ. ಅಲ್ಲಿ ಗಾಳಿಯಿಲ್ಲ. ಹಗಲು ನೆಲ ಕುದಿಯುವ ನೀರಿಗಿಂತ ಬಿಸಿ. ನಮ್ಮ ಎರಡು ವಾರದಷ್ಟು ಉದ್ದದ ರಾತ್ರಿಯಲ್ಲಿ ಎಂಥ ಯಂತ್ರವೂ ಸೆಟೆದು ಸಾಯುವಷ್ಟು ಚಳಿ. ಒಳಗಿನ ಪುಟ್ಟ ಹೀಟರಿನ ಶಾಖ ಸೋರದಂತೆ ಕಾಯುವುದು ಈ ಹೊದಿಕೆಯೇ. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹೊಳೆಯುವ ಹಾಳೆಗಳು, ನಡುನಡುವೆ ಸೊಳ್ಳೆಪರದೆಯಂಥ ಬಲೆ.

ಇಲ್ಲಿಗೆ ಬರುವ ಮುಂಚೆ ಅಕ್ಕ ಕೋಟು ಹೊಲಿಯುತ್ತಿದ್ದರು. ಭುಜದ ಮೇಲೆ ಒಂದು ಸುಕ್ಕು ಕಂಡರೂ ಇಡೀ ತೋಳು ಬಿಚ್ಚುತ್ತಿದ್ದರು. ತಂಗಿಗೆ ಸೂಜಿ ಹಿಡಿಯಲು ಕಲಿಸಿದ್ದು, ಕಾಜಾ ಸೊಟ್ಟಗಾದರೆ ಕೈಮೇಲೆ ಹೊಡೆದದ್ದು, ಆಮೇಲೆ ಇಲ್ಲಿ ಕೆಲಸ ಕೊಡಿಸಿದ್ದು, ಎಲ್ಲ ಅವರೇ.

ಹೋದ ತಿಂಗಳು ಇಬ್ಬರೂ ಇದೇ ಪೆಟ್ಟಿಗೆಗೆ ಒಂದೊಂದು ಹೊದಿಕೆ ಹೊಲಿದರು. ಅಕ್ಕನದು ಅಳತೆಗೆ ಕಡೆದಿಟ್ಟ ಹಾಗಿತ್ತು. ನೋಡಲು ಬಂದವರೆಲ್ಲ ಅದರದೇ ಫೋಟೋ ತೆಗೆದರು. ಆದರೆ ಒಂದೊಂದನ್ನೇ ಪೆಟ್ಟಿಗೆಗೆ ತೊಡಿಸಿ, ಗಾಳಿ ತೆಗೆದ ಉಕ್ಕಿನ ಕೋಣೆಯಲ್ಲಿಟ್ಟು ತಣಿಸಿದಾಗ ಅಕ್ಕನ ಹೊದಿಕೆಯೊಳಗಿನ ಪೆಟ್ಟಿಗೆ ಬೇಗ ತಣ್ಣಗಾಯಿತು.

"ಬಿಗಿ ಜಾಸ್ತಿಯಾಗಿದೆ ಅಕ್ಕ," ಅಂದರಂತೆ ಎಂಜಿನಿಯರ್. "ಪದರಗಳು ಒಂದಕ್ಕೊಂದು ಒತ್ತಿಕೊಂಡ್ರೆ ಶಾಖ ಅಲ್ಲಿಂದಲೇ ದಾಟಿಬಿಡತ್ತೆ. ತಂಗಿದು ನೋಡಿ, ಸಡಿಲ ಇದೆ."

"ನನ್ನ ಕೈಯಲ್ಲಿ ಬೈಸಿಕೊಂಡಿದ್ದ ಸೋಮಾರಿ ಹೊಲಿಗೆನೇ ಪಾಸಾಯ್ತು," ಎನ್ನುತ್ತಾರೆ ಅಕ್ಕ. "ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳ್ಲಿ? ಒಂದೇ ಮನೇಲಿದ್ದೀವಿ, ಮೂರು ದಿನ ಅವಳ ಜೊತೆ ಮಾತಾಡ್ಲಿಲ್ಲ. ಅವಳು ಸಾರು ಬಡಿಸಿದ್ರೆ ಉಪ್ಪಿಲ್ಲ ಅಂತಿದ್ದೆ. ಉಪ್ಪು ಸರಿಯಾಗೇ ಇತ್ತು."

ಹೊಲಿದವರು ತಮ್ಮ ಹೊದಿಕೆಯನ್ನು ತಾವೇ ತೊಡಿಸಬಾರದು ಎಂಬುದು ಇಲ್ಲಿಯ ಕಟ್ಟಳೆ. ಸ್ವಂತ ತಪ್ಪು ಸ್ವಂತ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇವತ್ತು ತಂಗಿಯ ಹೊದಿಕೆ ಅಕ್ಕನ ಪಾಲಿಗೆ ಬಂದಿದೆ. ತಂಗಿ ಗಾಜಿನಾಚೆ ಕೈಕಟ್ಟಿ ನಿಂತಿದ್ದಾಳೆ.

ಅಕ್ಕ ಒಂದೊಂದೇ ಅಂಚು ಕೂಡಿಸಿ ದಾರ ಹಾಕುತ್ತಾರೆ. ಮೂಲೆಯಲ್ಲೊಂದು ಸುಕ್ಕು ಉಬ್ಬಿ ನಿಲ್ಲುತ್ತದೆ. ಬೆರಳು ತಾನಾಗಿ ದಾರದ ತುದಿ ಹಿಡಿಯುತ್ತದೆ. ಒಂದೇ ಒಂದು ಸಲ ಎಳೆದರೆ ಸಾಕು, ಮೂಲೆ ಕನ್ನಡಿಯಾಗುತ್ತದೆ. ನೋಡಿದವರು ಹೊಗಳಿಯೇ ಹೊಗಳುತ್ತಾರೆ. ಎಷ್ಟೋ ರಾತ್ರಿಗಳಾದ ಮೇಲೆ, ಯಾರೂ ಇಲ್ಲದ ನೆಲದಲ್ಲಿ, ಶಾಖ ಆ ಮೂಲೆಯಿಂದ ಮೆಲ್ಲಗೆ ಇಳಿದುಹೋಗುತ್ತದೆ. ಅದು ಯಾರ ಕೈ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಬೆರಳು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ಅಕ್ಕ ಎಳೆಯದೆ ಗಂಟು ಹಾಕುತ್ತಾರೆ.

ಹೊರಗೆ ಬಂದು ಗವಸು ಬಿಚ್ಚುವಾಗ ತಂಗಿ ಮೆಲ್ಲಗೆ ಕೇಳುತ್ತಾಳೆ: "ಅಕ್ಕ, ಆ ಮೂಲೆ ಎಳೆದುಬಿಟ್ಯಾ?"

"ಎಳೀಬೇಕು ಅನ್ನಿಸ್ತು ಕಣೇ. ಹೋಗಿ ನೋಡ್ಕೋ."

ತಂಗಿ ಗಾಜಿಗೆ ಹಣೆ ಒತ್ತಿ ನೋಡುತ್ತಾಳೆ. ಅಕ್ಕ ನಮ್ಮ ಕಡೆ ತಿರುಗುತ್ತಾರೆ.

"ಹೊಲಿದೋಳು ಅವಳೇ ಅಂತ ಬರ್ಕೊಳ್ಳಿ, ಬೇಜಾರಿಲ್ಲ. ಬೇಜಾರಿದೆ, ಆದ್ರೂ ಬರ್ಕೊಳ್ಳಿ. ಆ ಸುಕ್ಕು ಬಿಟ್ಟೋಳು ಮಾತ್ರ ನಾನು."