ಸಾವಂತ್ರೆವ್ವ ಕಾದ ಮಾತು

ಬೆಟಗೇರಿಯ ಸಾವಂತ್ರೆವ್ವನಿಗೆ ಈಗ ಐವತ್ತು ದಾಟಿದೆ. ವರ್ಷವೆಲ್ಲ ಸೀರೆ ನೇಯುತ್ತಾಳೆ. ಸುಗ್ಗಿ ಮುಗಿದು ಹಳ್ಳಿಗಳಲ್ಲಿ ನಾಟಕ ಶುರುವಾದರೆ ಮಗ್ಗವನ್ನು ತಂಗಿಗೆ ಒಪ್ಪಿಸಿ ಪಾತ್ರ ಮಾಡಲು ಹೊರಡುತ್ತಾಳೆ. ಊರ ಗಂಡಸರೇ ಕೂಡಿ ಆಡುವ ಈ ನಾಟಕಗಳಿಗೆ ಹೆಣ್ಣುಪಾತ್ರದವರು ಮಾತ್ರ ಹೊರಗಿನಿಂದ ಬರಬೇಕು.

ಅವಳು ಹೆಚ್ಚು ಆಡಿದ್ದು ಒಂದು ಹಳೆಯ ನಗೆನಾಟಕ. ಅದರಲ್ಲಿ ಅವಳು ಜಾಣ ಮದುಮಗಳು. ಹೆಣ್ಣು ನೋಡಲು ಬಂದ ವರನೆದುರು ಕೋಟು, ರುಮಾಲು ಹಾಕಿಕೊಂಡು ತನ್ನ ತಮ್ಮನಂತೆ ನಟಿಸಿ, ಅವನನ್ನೇ ಪರೀಕ್ಷೆ ಮಾಡುತ್ತಾಳೆ. ರೊಟ್ಟಿ ಬಡಿಯಲು ಬರುತ್ತದೆಯೇ, ಅತ್ತೆ ಬೈದರೆ ಸುಮ್ಮನಿರಲು ಬರುತ್ತದೆಯೇ ಎಂದೆಲ್ಲ ಕೇಳುತ್ತಾಳೆ. ವರ ಬೆವರುತ್ತಾನೆ, ಎಲ್ಲದಕ್ಕೂ ಒಪ್ಪುತ್ತಾನೆ. ಹೆಣ್ಣುಮಕ್ಕಳು ಕುಳಿತ ಕಡೆಯಿಂದಲೇ ನಗು ಜೋರಾಗಿ ಬರುತ್ತಿತ್ತು.

ಕುರ್ತಕೋಟಿಯ ನಾಟಕದಲ್ಲಿ ಏಳು ವರ್ಷ ವರನ ಪಾತ್ರ ಮಾಡಿದವನು ಮುತ್ತಣ್ಣ. ಮೆಣಸಿನಕಾಯಿ ಬೆಳೆಯುವ ರೈತ, ಮಾತು ಕಡಿಮೆ. ಬೇರೆಯವರು ಬಾಯಿಪಾಠ ಒಪ್ಪಿಸಿದರೆ, ಇವನು ಅವಳ ಪ್ರಶ್ನೆಯನ್ನು ನಿಜವಾಗಿ ಕೇಳಿಸಿಕೊಂಡು, ಮುಖ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದ. ಎಂಟನೆಯ ವರ್ಷ ತಾಲೀಮಿಗೆ ಮೊದಲೇ ಅವನು ಬೆಟಗೇರಿಗೆ ಬಂದ. ಅವಳ ಮನೆಯ ಕಟ್ಟೆಯ ಮೇಲೆ ಕುಳಿತು, ಅವಳನ್ನು ಮದುವೆಯಾಗುವ ಮನಸ್ಸಿದೆ ಎಂದ. ತಾಯಿಯನ್ನೂ ಒಪ್ಪಿಸಿದ್ದ.

"ಒಂದ ಮಾತು. ನಾಟಕ ಬಿಡಬೇಕಾಗ್ತೈತ್ರಿ."

"ನೀವೂ ಬಿಡ್ತೀರೇನ್ರಿ?" ಎಂದು ಕೇಳಿದಳು.

"ನಾ ಗಂಡಸ ಅದೀನಿ. ನನಗ ಯಾರ ಏನಂತಾರ್ರಿ?"

ಚುಚ್ಚಿ ಆಡಿದ್ದಲ್ಲ, ಲೋಕದ ರೀತಿ ಹೇಳಿದ್ದ. ಅವಳಿಗೂ ಸಿಟ್ಟು ಬರಲಿಲ್ಲ. ಚಹಾ ಕೊಟ್ಟು, ಯುಗಾದಿಯೊಳಗೆ ತಿಳಿಸುತ್ತೇನೆಂದಳು. ಆ ಒಂದು ಮಾತು ಕೈಬಿಟ್ಟು ಅವನು ಇನ್ನೊಮ್ಮೆ ಬಂದಾನೆಂದು ಕಾದಳು. ಓಣಿಯಲ್ಲಿ ಬೈಕು ನಿಂತ ಸದ್ದಾದರೆ ಲಾಳಿ ಹಿಡಿದ ಕೈ ನಿಲ್ಲುತ್ತಿತ್ತು. ನಾಟಕ ಬಿಡುತ್ತೇನೆ ಎಂದು ತಾನೇ ಹೇಳಿಕಳಿಸಲು ಎರಡು ಸಲ ನೋಡಿದಳು, ನಾಲಿಗೆ ಏಳಲಿಲ್ಲ. ಯುಗಾದಿ ದಾಟಿತು. ಮುತ್ತಣ್ಣನ ಮದುವೆ ಬೇರೆ ಕಡೆ ಆಯಿತು. ಕುರ್ತಕೋಟಿಯಿಂದ ಮತ್ತೆ ಕರೆ ಬರಲಿಲ್ಲ.

ಲಕ್ಷ್ಮೇಶ್ವರದ, ಮುಂಡರಗಿಯ ಸುತ್ತಲಿನ ಊರುಗಳಲ್ಲಿ ಅವಳು ಇನ್ನೆಷ್ಟೋ ವರರನ್ನು ಪರೀಕ್ಷೆ ಮಾಡಿದಳು. ಯಾರನ್ನೂ ಮದುವೆಯಾಗಲಿಲ್ಲ. ನಾಟಕದ ಕೊನೆಗೆ ಬಾಸಿಂಗ ಕಟ್ಟಿಕೊಂಡು ಪಕ್ಕದಲ್ಲಿ ನಿಂತವನನ್ನು ಮಾತ್ರ ತಿರುಗಿ ನೋಡುತ್ತಿರಲಿಲ್ಲ. ನೋಡದಿದ್ದರೆ ಯಾರೆಂದು ಬೇಕಾದರೂ ಅಂದುಕೊಳ್ಳಬಹುದಿತ್ತು.

ಹೋದ ವರ್ಷ ಶಿರಹಟ್ಟಿ ಬಸ್ ನಿಲ್ದಾಣದಲ್ಲಿ ಅವನು ಎದುರಾದ. ತಲೆ ನರೆತಿತ್ತು. ಅವನೇ ಗುರುತು ಹಿಡಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತ. ಮಳೆ-ಬೆಳೆಯ ಮಾತಾದ ಮೇಲೆ ಮಗಳ ವಿಷಯ ತೆಗೆದ. ಗದಗದಲ್ಲಿ ಕಾಲೇಜು ಓದುವಾಗ ಅವಳು ನಾಟಕ ಹಚ್ಚಿಕೊಂಡಿದ್ದಳು. ಈಗ ಮದುವೆ ಗೊತ್ತಾಗಿತ್ತು.

"ಬೀಗರಿಗೆ ಮೊದಲ ಹೇಳೀನ್ರಿ, ನಾಟಕ ಬಿಡಸಬಾರದಂತ," ಎಂದು ನೆಲ ನೋಡಿದ. "ಅವತ್ತ ನನಗ ತಿಳೀಲಿಲ್ರಿ."

ಸಾವಂತ್ರೆವ್ವನಿಗೆ ಆ ಹುಡುಗಿಯ ಬಗ್ಗೆ ಹಿಗ್ಗು, ಅದರ ಬೆನ್ನಿಗೇ ಹೊಟ್ಟೆಕಿಚ್ಚು.

"ಚಲೋ ಮಾಡಿದ್ರಿ," ಎಂದಳು.

ಮದುವೆಗೆ ಬರಲೇಬೇಕೆಂದು ಅವನು ಕರೆದ. ಅವಳು ಹೋದಳು. ಅವನ ಹೆಂಡತಿ ಸೀಮಾ ಕೈಹಿಡಿದು ಕರೆದೊಯ್ದು ಹೆಂಗಸರ ನಡುವೆ ಕೂರಿಸಿದಳು. ಅಕ್ಷತೆ ಹಾಕುವಾಗ ಮದುಮಗಳು ತಲೆಯೆತ್ತಿ ನಕ್ಕಳು; ತಂದೆಯದೇ ನಗು. ಊಟವಾಯಿತೇ ಎಂದು ಮುತ್ತಣ್ಣ ಬಂದು ಕೇಳಿದ. ಆಗಿರಲಿಲ್ಲ. ಆಯಿತೆಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳಿದಳು.